ಭೂಮಿಯ ಒಡೆತನ: ವರ್ಗದಿಂದ ಸಂವಿಧಾನದವರೆಗೆ



ನೇತ್ರಾವತಿಯ ದಡದ ಪಾಣೆಮಂಗಳೂರಿನ ಆಸುಪಾಸಿನಲ್ಲಿ ಹಿರಿಯರೊಬ್ಬರನ್ನು ‘ಈ ಅಡಿಕೆ ತೋಟ ಯಾರದು?’ ಎಂದು ತಾವು ಕೇಳಿದರೆ, ‘ನಮ್ಮದೇ, ಡಿಕ್ಲರೇಶನ್ನಿನಲ್ಲಿ ಬಂದುದು’ ಎಂಬ ಉತ್ತರ ದೊರೆಯಬಹುದು. ಆ ಒಂದು ಮಾತಿನ ಹಿಂದೆ ಶತಮಾನಗಳ ಇತಿಹಾಸವಿದೆ.

ತುಳುನಾಡು ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದುದು ತಮಗೆ ತಿಳಿದ ಸಂಗತಿ. ಶಿವಪ್ಪ ನಾಯಕನ ‘ಶಿಸ್ತು’ ಕಂದಾಯಕ್ಕೆ ಒಂದು ಕ್ರಮವನ್ನು ತಂದಿತು. ಕಂದಾಯಕ್ಕೆ ಮಿತಿಯಿಲ್ಲದೆಡೆ ಒಡೆತನಕ್ಕೆ ಅರ್ಥವಿರದಷ್ಟೆ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿನ ಭೂಮಿಯು ಪ್ರಾಚೀನಕಾಲದಿಂದಲೂ ಖಾಸಗಿ ಸ್ವತ್ತೆಂದು ವರದಿ ಮಾಡಿದನು. ಆದರೆ ಆ ಸ್ವತ್ತು ವರ್ಗದಾರನದು. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯ ಒಕ್ಕಲು ಮಾತ್ರ ಧಣಿಯ ಇಚ್ಛೆಗೆ ಅಧೀನನಾಗಿದ್ದನು.

ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಕೂಡದೆಂಬ ರಕ್ಷಣೆಯನ್ನು 1935ರ ಭಾರತ ಸರ್ಕಾರದ ಕಾಯಿದೆಯ 299ನೆಯ ಪ್ರಕರಣ ನೀಡಿತು. 1950ರಲ್ಲಿ ಸಂವಿಧಾನದ 19 ಮತ್ತು 31ನೆಯ ಅನುಚ್ಛೇದಗಳು ಆಸ್ತಿಯನ್ನು ಮೂಲಭೂತ ಹಕ್ಕಾಗಿಸಿದವು. ಆದರೆ ಜಮೀನ್ದಾರಿ ರದ್ದಿಗೆ ಅದೇ ಹಕ್ಕು ಅಡ್ಡಿಯಾಗಲು, 1951ರ ಮೊದಲನೆಯ ತಿದ್ದುಪಡಿಯು 31-ಎ ಅನುಚ್ಛೇದವನ್ನೂ ಒಂಬತ್ತನೆಯ ಅನುಸೂಚಿಯನ್ನೂ ಸೇರಿಸಿ ಭೂಸುಧಾರಣೆಯ ದಾರಿಯನ್ನು ತೆರವು ಮಾಡಿತು.

ಇದೇ ಪ್ರಶ್ನೆಯನ್ನು ಹೊತ್ತು ನ್ಯಾಯಾಲಯದ ಮೆಟ್ಟಿಲೇರಿದುದು ಕನ್ನಡದ ಒಂದು ಮಠವೆಂಬುದನ್ನು ತಾವು ನೆನೆಯಬೇಕು. ಕಾಸರಗೋಡಿನ ಎಡನೀರು 1956ರವರೆಗೆ ಪಾಣೆಮಂಗಳೂರಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳದ ಭೂಸುಧಾರಣಾ ಕಾಯಿದೆಯನ್ನು ಪ್ರಶ್ನಿಸಿ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟರು. 13 ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಅಳಿಸಲಾಗದು ಎಂದು 7-6ರ ಬಹುಮತದಿಂದ ಸಾರಿತು. ಭೂಮಿಯ ವಿಷಯದಲ್ಲಿ ಮಠಕ್ಕೆ ಜಯ ಲಭಿಸಲಿಲ್ಲ. ದೇಶಕ್ಕೆ ಲಭಿಸಿದ ರಕ್ಷಣೆ ಮಾತ್ರ ಅಳತೆಗೆ ಮೀರಿದುದು.

ಮರುವರ್ಷ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಕರ್ನಾಟಕದ ಗೇಣಿಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆಯನಾದನು. ಕರಾವಳಿಯ ಜನ ‘ಡಿಕ್ಲರೇಶನ್’ ಎಂದದ್ದು ಇದನ್ನೇ. ಅರ್ಜಿಯ ಕೊನೆಯ ಗಡುವು 1979ರ ಜೂನ್ 30. ಅದಕ್ಕೆ ಹತ್ತೇ ದಿನ ಮೊದಲು, ಜೂನ್ 20ರಂದು, 44ನೆಯ ತಿದ್ದುಪಡಿಯ ಮೂಲಕ ಆಸ್ತಿಯು ಮೂಲಭೂತ ಹಕ್ಕಿನ ಸ್ಥಾನದಿಂದ ಇಳಿದು, 300-ಎ ಅನುಚ್ಛೇದದ ಕೆಳಗೆ ಕೇವಲ ಸಾಂವಿಧಾನಿಕ ಹಕ್ಕಾಯಿತು.

ಹಾಗಾದರೆ ಹೊಸ ಒಡೆಯನು ಬರಿಗೈಯವನಾದನೇ? ಇಲ್ಲ. ಸ್ವಂತವಾಗಿ ಸಾಗುವಳಿ ಮಾಡುವ, ಮಿತಿಯೊಳಗಿನ ಭೂಮಿಯನ್ನು ಭೂಸುಧಾರಣೆಗಾಗಿ ಸರ್ಕಾರವು ಪಡೆಯಬೇಕಾದರೂ ಮಾರುಕಟ್ಟೆ ಬೆಲೆಗೆ ಕಡಿಮೆಯಾಗದ ಪರಿಹಾರ ಕೊಡಬೇಕೆಂದು 1964ರಲ್ಲಿ 31-ಎ ಅನುಚ್ಛೇದಕ್ಕೆ ಸೇರಿದ ನಿಬಂಧನೆ ಇಂದಿಗೂ ಉಳಿದಿದೆ. ಸಾರ್ವಜನಿಕ ಉದ್ದೇಶವಿಲ್ಲದೆ ಯಾರ ಸ್ವತ್ತನ್ನೂ ಕಸಿಯಲಾಗದೆಂದು, ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಒಮ್ಮೆ ಧಣಿಯನ್ನು ಕಾದ ಕಾನೂನು ಇಂದು ಅವನ ಒಕ್ಕಲಾಗಿದ್ದವನ ಮಕ್ಕಳನ್ನೂ ಕಾಯುತ್ತಿದೆ.

ಬಂಧುಗಳೇ, ಕಾಯಕದಿಂದ ಬಂದುದಕ್ಕೆ ರಕ್ಷಣೆ ಬೇಕು. ರಕ್ಷಿತವಾದುದು ದಾಸೋಹಕ್ಕೆ ಸಲ್ಲಬೇಕು. ಮೊದಲನೆಯದನ್ನು ಸಂವಿಧಾನವು ನೋಡಿಕೊಳ್ಳುತ್ತದೆ. ಎರಡನೆಯದು ನಮ್ಮ ನಿಮ್ಮೆಲ್ಲರ ಹೊಣೆ.