ಬೈರಿಗೆಯಿಂದ ಬ್ಯಾಟರಿ ಡ್ರಿಲ್‌ವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ಬೆಳಗಾವಿಯಲ್ಲಿ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಬೇರೇನು ನಿರೀಕ್ಷಿಸುವುದು? ಆದರೆ ನಾನು ಬರೆಯಹೊರಟಿರುವುದು ತೂತು ಕೊರೆಯುವುದರ ಇತಿಹಾಸ. ಅದಕ್ಕೂ ನಮ್ಮ ಶಾಲೆಗೂ ಸಂಬಂಧವಿದೆ.

ನನ್ನ ತಂದೆ ಬಡಗಿ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡಿ ನಮ್ಮನ್ನು ಓದಿಸಿದವರು. ಅವರ ಬೈರಿಗೆಯನ್ನು ಈಗಿನ ಮಕ್ಕಳು ನೋಡಿರಲಾರರು. ಮರದ ಒಂದು ದಂಡ, ಅದರ ತುದಿಗೆ ಚಪ್ಪಟೆ ಉಕ್ಕಿನ ಅಲಗು, ಮೇಲೆ ಒತ್ತಿ ಹಿಡಿಯಲು ತೆಂಗಿನ ಚಿಪ್ಪು. ದಂಡಕ್ಕೆ ಕಮಾನಿನ ದಾರ ಸುತ್ತಿ ಗರಗಸದಂತೆ ಹಿಂದೆ ಮುಂದೆ ಎಳೆದರೆ ದಂಡ ಗಿರಗಿರನೆ ತಿರುಗುತ್ತದೆ. ದೊಡ್ಡ ತೂತಾದರೆ ಕಮಾನು ಸಾಲದು. ಹಗ್ಗ ಸುತ್ತಿ ಎರಡೂ ತುದಿ ಎಳೆಯಲು ಇನ್ನೊಬ್ಬ ಬೇಕು. ಆ ಇನ್ನೊಬ್ಬ ನಾನಾಗಿದ್ದೆ. ಒಂಬತ್ತನೇ ತರಗತಿಯಲ್ಲಿ ಅಂಗೈ ಬೊಬ್ಬೆಗಳನ್ನು ಗೆಳೆಯರಿಗೆ ಕಾಣದಂತೆ ಮುಚ್ಚಿಕೊಳ್ಳುತ್ತಿದ್ದೆ. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಬೆಳಗಾವಿಯಲ್ಲಿ ಕೆಲಸ ಎಂದಷ್ಟೇ ಹೇಳುತ್ತಿದ್ದೆ.

ನಾನು ನಾಚಿಕೊಂಡ ಆ ಆಯುಧ ಎಷ್ಟು ಹಳೆಯದೆಂದು ತಿಳಿದದ್ದು ಬಹಳ ತಡವಾಗಿ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ 9 ಜನರ ಅಸ್ಥಿಗಳಲ್ಲಿ 11 ಹಲ್ಲುಗಳಿಗೆ ತೂತು ಕೊರೆದ ಗುರುತುಗಳಿವೆ ಎಂದು 2006ರಲ್ಲಿ ಸಂಶೋಧಕರು ಪ್ರಕಟಿಸಿದರು. ಅವು 7,500ರಿಂದ 9,000 ವರ್ಷಗಳಷ್ಟು ಹಿಂದಿನವು. ಮಣಿ ಕೊರೆಯುತ್ತಿದ್ದ ಕಲ್ಲಿನ ಮೊನೆಯ ಕಮಾನು ಬೈರಿಗೆಯನ್ನೇ ಹಲ್ಲಿಗೂ ಬಳಸಿರಬೇಕೆಂದು ಅವರ ಊಹೆ. ಹರಪ್ಪ ಕಾಲದವರು ಉದ್ದನೆಯ ಕೆಂಪು ಅಕೀಕ ಮಣಿಗಳನ್ನು ಕೊರೆದದ್ದೂ ಗಟ್ಟಿ ಕಲ್ಲಿನ ಮೊನೆಗಳಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ. ಕಮಾನು ಬೈರಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ತೂತು ಕೊರೆಯಲು ಅಡ್ಡಿಯಿಲ್ಲ, ಅಲಗು ಎರಡೂ ಕಡೆ ಕೆರೆಯುತ್ತದೆ. ಆದರೆ ಸ್ಕ್ರೂ ಹಾಕಲು ಬಾರದು. ಹೋದಷ್ಟೇ ವಾಪಸು ಬರುತ್ತದೆ. ಹಾಗಾಗಿ ಕೊರೆಯುವ ಆಯುಧ ಬೇರೆ, ತಿರುಪುಳಿ ಬೇರೆ. ಗಿರಮಿಟ್ಟು ಒಂದೇ ಕಡೆ ತಿರುಗಿದರೂ (ಗಿರಮಿಟ್ಟು ಎಂದರೆ ಧಾರವಾಡದ ಕಡೆಯವರಿಗೆ ಚುರುಮುರಿ ನೆನಪಾದೀತು, ಬಡಗಿಗೆ ಅದು ಆಯುಧ) ಅದರ ಬಲವೆಲ್ಲ ಮಣಿಕಟ್ಟಿನದೇ.

ವಿದ್ಯುತ್ತಿನ ಕೈ ಡ್ರಿಲ್ಲನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಮಾಡಿತು. ಪಿಸ್ತೂಲಿನಂತೆ ಹಿಡಿದು ಬೆರಳಿನಿಂದ ಗುಂಡಿ ಒತ್ತುವ ರೂಪ ಕೊಟ್ಟವರು ಅಮೆರಿಕದ ಬ್ಲ್ಯಾಕ್ ಮತ್ತು ಡೆಕ್ಕರ್; ಅದಕ್ಕೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಯ ಕೆಲಸಗಾರರು ಡ್ರಿಲ್ಲುಗಳನ್ನು ಮನೆಗೊಯ್ದು ಬಳಸುತ್ತಿದ್ದರಂತೆ. ಅದನ್ನು ಕಂಡ ಕಂಪನಿ 1946ರಲ್ಲಿ ಮನೆಬಳಕೆಯ ಡ್ರಿಲ್ಲನ್ನೇ ಮಾರಾಟಕ್ಕಿಟ್ಟಿತು. ನಡುವೆ 1936ರಲ್ಲಿ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದ, ಅಧಿಕ ಚಿಹ್ನೆಯ ತಲೆಯ ಸ್ಕ್ರೂ ಬಂತು. ಒಂದೇ ಗೀಟಿನ ಸ್ಕ್ರೂ ಮೇಲೆ ಯಂತ್ರದ ಮೊನೆ ಜಾರುತ್ತಿತ್ತು, ಇದರಲ್ಲಿ ತಾನಾಗಿ ನಡುವೆ ಕೂರುತ್ತದೆ.

ನಮ್ಮ ಬೆಳಗಾವಿ ಯಂತ್ರಗಳಿಗೆ ಹೊಸದೇನಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಇಲ್ಲಿಯೇ ಆರಂಭವಾಗಿ, 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಬೆಳಗಾವಿಯಲ್ಲಿ ಈಗ ಉಳಿದಿರುವುದು ಕಿರ್ಲೋಸ್ಕರ್ ರಸ್ತೆ. ಬಿ.ಇ. ಓದುವಾಗ ಉದ್ಯಮಬಾಗದ ಫೌಂಡ್ರಿಗಳಲ್ಲಿ ದೊಡ್ಡ ಡ್ರಿಲ್ಲಿಂಗ್ ಯಂತ್ರಗಳು ಎರಕದ ಕಬ್ಬಿಣವನ್ನು ಬೆಣ್ಣೆಯಂತೆ ಕೊರೆಯುವುದನ್ನು ನೋಡಿದೆ. ಅಲ್ಲಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಆಗಲೂ ಅಪ್ಪ ಕಮಾನು ಎಳೆಯುತ್ತಿದ್ದರು. ವೈರಿನ ಡ್ರಿಲ್ ಕೊಳ್ಳಲು ಹಣ ಬೇಕು, ಹಣವಿದ್ದರೂ ಕರೆಂಟು ಬೇಕು. ನಮ್ಮ ಮಳೆಗಾಲದ ಕರೆಂಟಿನ ಕಥೆ ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ವೈರಿಲ್ಲದ ಡ್ರಿಲ್ಲನ್ನು ಚಂದ್ರಯಾನಕ್ಕಾಗಿ ಕಂಡುಹಿಡಿದರು ಎಂಬ ಮಾತು ತಪ್ಪು. ಬ್ಲ್ಯಾಕ್ ಅಂಡ್ ಡೆಕ್ಕರ್ ಅದನ್ನು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಡನೆ 1961ರಲ್ಲಿಯೇ ತಂದಿತ್ತು. ಚಂದ್ರನ ಮೇಲೆ ಬ್ಯಾಟರಿ ಡ್ರಿಲ್ ಬಳಸಿದ್ದು 1971ರ ಅಪೋಲೊ 15ರಲ್ಲಿ. ಅಲ್ಲಿಯೂ ಕೊಳವೆ ನೆಲದಲ್ಲಿ ಸಿಕ್ಕಿಕೊಂಡು, ಮೇಲೆತ್ತಲು ಇಬ್ಬರು ಯಾತ್ರಿಗಳು ಹೆಣಗಿದರು. ಹಲಸಿನ ತೊಲೆಯಲ್ಲಿ ಬೈರಿಗೆ ಸಿಕ್ಕಿಕೊಂಡಾಗ ನಾವಿಬ್ಬರೂ ಹೆಣಗುತ್ತಿದ್ದೆವಲ್ಲ, ಹಾಗೆಯೇ.

ನಿಜವಾದ ಬದಲಾವಣೆ ತಂದದ್ದು ಲಿಥಿಯಂ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಅದು 2005ರ ಹೊತ್ತಿಗೆ ಡ್ರಿಲ್ಲುಗಳನ್ನು ಸೇರಿತು. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ದೊರೆಯಿತು. ಕೊಳ್ಳುವವರಿಗೆ ಒಂದು ಮಾತು: 18 ವೋಲ್ಟ್ ಮತ್ತು 20 ವೋಲ್ಟ್ ಎಂದು ಬರೆದಿರುವವು ಒಂದೇ. ಐದು ಕೋಶ, ಒಂದೊಂದಕ್ಕೆ 3.6 ವೋಲ್ಟ್, ಪೂರ್ತಿ ಚಾರ್ಜಾದಾಗ ತಲಾ ನಾಲ್ಕು. ಎರಡು ವೋಲ್ಟಿಗೆ ಹೆಚ್ಚು ಹಣ ಕೊಡಬೇಡಿ.

ನಾನು ಕೊಂಡದ್ದು 2020ರಲ್ಲಿ, ಮನೆಯಿಂದ ಕೆಲಸ ಶುರುವಾದಾಗ. ಬೆಳಗಾವಿಯ ಬಾಡಿಗೆ ಮನೆಯಲ್ಲಿ ಕಪಾಟು ಹಾಕಲು ಹೋಗಿ, ನಲ್ಲಿಯ ನೇರಕ್ಕೆ ಮೇಲೆ ಕೊರೆದು, ಗೋಡೆಯೊಳಗಿನ ನೀರಿನ ಪೈಪನ್ನೇ ತೂತು ಮಾಡಿದೆ. ಪೈಪು, ವೈರು ಸಾಮಾನ್ಯವಾಗಿ ನಲ್ಲಿ ಮತ್ತು ಸ್ವಿಚ್ಚಿನ ನೇರಕ್ಕೇ ಹೋಗಿರುತ್ತವೆ ಎಂದು ಆಮೇಲೆ ಕಲಿತೆ. ಊರಿನ ಕೆಂಪು ಕಲ್ಲಿನ ಗೋಡೆಯಲ್ಲಿ ಕಲಿತದ್ದು ಬೇರೆ. ಆ ಕಲ್ಲು ಮೆದು. ಹ್ಯಾಮರ್ ಹಾಕಿದರೆ ಉದುರಿ ತೂತು ಅಗಲವಾಗುತ್ತದೆ. ಬರೀ ತಿರುಗಿಸಿ ನಿಧಾನವಾಗಿ ಕೊರೆಯಬೇಕು.

ಕಳೆದ ವರ್ಷ ಮಹೋತ್ಸವದ ತಯಾರಿಗೆಂದು ನಮ್ಮ ಬ್ಯಾಚಿನವರು ಒಂದು ಭಾನುವಾರ ಶಾಲೆಯ ಹಳೆಯ ಬೆಂಚುಗಳನ್ನು ರಿಪೇರಿ ಮಾಡಿದೆವು. ಅಪ್ಪನೂ ಬಂದರು. ಅವುಗಳಲ್ಲಿ ಹಲವು ಅವರೇ ಮಾಡಿದವು. ಬಿದಿರಿನ ಮೊಳೆ ಹೊಡೆದ ಜೋಡಣೆಗಳು ಒಂದೂ ಅಲುಗಿರಲಿಲ್ಲ. ಸಡಿಲವಾಗಿದ್ದವು ಸ್ಕ್ರೂ ಹಾಕಿದ ಹಲಗೆಗಳು. ಒಂದನ್ನು ಬಿಚ್ಚಿ ನೋಡಿದರೆ ತೂತಿನಲ್ಲಿ ಎಳೆಗಳ ಗುರುತೇ ಇಲ್ಲ, ನಾರೆಲ್ಲ ಹರಿದಿದೆ. "ಯಾರೋ ಸುತ್ತಿಗೆಯಿಂದ ಬಡಿದಿದ್ದಾರೆ, ತಿರುಗಿಸಿಯೇ ಇಲ್ಲ" ಎಂದು ನಾನು ಗೆಳೆಯರೆದುರು ಇಂಜಿನಿಯರ್ ಗತ್ತಿನಲ್ಲಿ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನ ಬಡದಿದ್ದೆ. ರಟ್ಟಿ ಬ್ಯಾನಿ ಇತ್ತ. ತಿರುವಾಕ ಆಗ್ತಿದ್ದಿಲ್ಲ. ನೀನೂ ಬರೂದು ಬಿಟ್ಟಿದ್ದಿ."

ಹತ್ತನೇ ತರಗತಿಯ ಪರೀಕ್ಷೆಯ ನೆಪ ಹೇಳಿ ನಾನು ಹಗ್ಗ ಎಳೆಯುವುದನ್ನು ಬಿಟ್ಟ ವರ್ಷ ಅದು. ನನ್ನ ಬಳಿ ಉತ್ತರವಿರಲಿಲ್ಲ. ಡ್ರಿಲ್ಲನ್ನು ಅವರ ಕೈಗೆ ಕೊಟ್ಟೆ. ಕುತ್ತಿಗೆಯ ಮೇಲಿನ ಅಂಕಿಗಳು ಏನೆಂದು ಕೇಳಿದರು. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ಕ್ಲಚ್ ಬಿಟ್ಟುಕೊಂಡು ಟಕಟಕ ಎನ್ನುತ್ತದೆ, ಸ್ಕ್ರೂ ತಲೆ ಹಾಳಾಗುವುದಿಲ್ಲ ಎಂದೆ. ಹಾಳಾದ ತೂತುಗಳಿಗೆ ಅವರು ಬಿದಿರಿನ ಗೂಟ ಬಡಿದು, ಸಮ ಮಾಡಿ, ಅದರಲ್ಲಿ ಹೊಸದಾಗಿ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿದರು. ಮೊದಲ ಟಕಟಕ ಕೇಳಿದಾಗ ಡ್ರಿಲ್ಲನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಒತ್ತಿದರು. ಮಧ್ಯಾಹ್ನ ಕರೆಂಟು ಹೋಯಿತು. ಕೆಲಸ ನಿಲ್ಲಲಿಲ್ಲ.

ಬೈರಿಗೆಯನ್ನು ಅಪ್ಪ ಶಾಲೆಗೆ ಕೊಟ್ಟಿದ್ದಾರೆ. ವಿಜ್ಞಾನದ ಕೋಣೆಯ ಕಪಾಟಿನಲ್ಲಿದೆ. ದಾರ ಮಾತ್ರ ಹೊಸದು ಕಟ್ಟಬೇಕು.