ಹಿತ್ತಲ ಗಿಡಕ್ಕೆ ಹತ್ತು ವರ್ಷ

ಗಾಂಜಾ ದಾಳಿಯ ಸುದ್ದಿ ಓದಿದ ದಿನ ನನ್ನ ಫೋನಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಸಾರ್, ಮಾರೋದು ತಪ್ಪು, ಒಪ್ಕೊಂಡ್ವಿ. ಮನೆ ಹಿಂದೆ ಒಂದೇ ಒಂದು ಗಿಡ ಇಟ್ಕೊಂಡ್ರೆ ಏನು?" ತಮಾಷೆಗೆ ಕೇಳೋರಿದ್ದಾರೆ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳೋರೂ ಇದ್ದಾರೆ. ಕಾನೂನಿನ ಉತ್ತರ ಇಲ್ಲಿದೆ, ನಿಧಾನವಾಗಿ ಓದಿ. ಒಬ್ಬನ ಜೇಬಿನಲ್ಲಿ ಒಂದು ಕಿಲೋದೊಳಗೆ ಒಣಗಿದ ಗಾಂಜಾ ಸಿಕ್ಕರೆ ಅದು 'ಸಣ್ಣ ಪ್ರಮಾಣ'. ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬನ ಹಿತ್ತಲಲ್ಲಿ ಒಂದು ಹಸಿ ಗಿಡ ಸಿಕ್ಕರೆ ಎನ್‌ಡಿಪಿಎಸ್ ಕಾಯ್ದೆಯ 20(ಎ) ಕಲಂ. ಹತ್ತು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷದವರೆಗೆ ದಂಡ. ಅಲ್ಲಿ ಸಣ್ಣದು ದೊಡ್ಡದು ಅನ್ನೋ ಲೆಕ್ಕ ಇಲ್ಲ. ಒಂದು ಗಿಡಕ್ಕೂ ಅದೇ ಕಲಂ, ಒಂದು ಎಕರೆಗೂ ಅದೇ ಕಲಂ.

ಕೊಂಡುಕೊಂಡವನಿಗಿಂತ ಬೆಳೆದವನ ಮೇಲೆ ಕಾನೂನಿಗೆ ಇಷ್ಟೊಂದು ಸಿಟ್ಟು ಯಾಕೆ? ನಾನು ಓದಿದ್ದು ಇಂಜಿನಿಯರಿಂಗ್. ಒಂದು ಯಂತ್ರ ವಿಚಿತ್ರವಾಗಿ ನಡೆದುಕೊಂಡರೆ ಅದರ ಹಳೇ ಡ್ರಾಯಿಂಗ್ ತೆಗೆದು ನೋಡು ಅಂತ ಮೇಷ್ಟ್ರು ಹೇಳ್ತಿದ್ರು. ಈ ಯಂತ್ರದ ಹಳೇ ಡ್ರಾಯಿಂಗ್ 1894ರದು.

ಅದಕ್ಕೆ ಮುಂಚೆ ಒಂದು ಊರು ನೋಡಿಕೊಂಡು ಬರೋಣ. ಸರಸಂಬಾ. ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕು, ಮಹಾರಾಷ್ಟ್ರದ ಗಡಿ ದೂರವಿಲ್ಲ. ಆ ಊರಲ್ಲಿ ಗಾಂಜಾ ಬೆಳೀತಾರೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಕತ್ತರಿಸಿ ವಾಟ್ಸಾಪ್‌ಗೆ ಹಾಕಬೇಡಿ. ನನಗೆ ಬೇಕಾಗಿರೋದು ಆ ಊರು ನಿಂತಿರುವ ಜಾಗ. ನೂರಾ ಮೂವತ್ತು ವರ್ಷದ ಹಿಂದೆ ಸರಸಂಬಾದ ರೈತ ನಿಜಾಮನ ಪ್ರಜೆ. ಪಶ್ಚಿಮಕ್ಕೆ ಹೋದರೆ ಅಕ್ಕಲಕೋಟೆ, ಅಲ್ಲಿ ಬೇರೆ ಸಂಸ್ಥಾನ. ಅದರಾಚೆ ಸೊಲ್ಲಾಪುರ, ಅಲ್ಲಿ ನೇರ ಬ್ರಿಟಿಷರ ಮುಂಬೈ ಪ್ರೆಸಿಡೆನ್ಸಿ. ಒಂದೇ ಕಪ್ಪು ಮಣ್ಣು, ಒಂದೇ ಜೋಳ, ಮೂರು ಆಡಳಿತ.

ಆ ಮಣ್ಣಿನಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಜೋಳದ ರೊಟ್ಟಿ ಜತೆ ಪುಂಡಿ ಪಲ್ಯ ಇಲ್ಲದೆ ಕಲಬುರಗಿ ಕಡೆಯವರ ಊಟ ಊಟವಲ್ಲ. ಆ ಪುಂಡಿ ಜಾತಿಯ ನಾರಿನ ಗಿಡಕ್ಕೆ ಬ್ರಿಟಿಷರು 'ಡೆಕ್ಕನ್ ಹೆಂಪ್' ಅಂತ ಹೆಸರಿಟ್ಟರು. ಸಸ್ಯಶಾಸ್ತ್ರದ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ದಾಸವಾಳದ ಕುಲ, ಗಾಂಜಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಸೀಳು ಸೀಳಾದ ಎಲೆ ಮಾತ್ರ ಹಾಗೇ ಕಾಣುತ್ತೆ, ಅದಕ್ಕೇ ಆ ಹೆಸರು. ಅಂದ್ರೆ ಈ ಭಾಗದ ಜನ ಗಾಂಜಾದ ಹೆಸರು ಹೊತ್ತ ಸೊಪ್ಪನ್ನ ನಿತ್ಯ ತಿಂತಾರೆ, ಯಾವ ಪೊಲೀಸಪ್ಪನೂ ಕೇಳಲ್ಲ!

ಈಗ ಡ್ರಾಯಿಂಗ್‌ಗೆ ಬರೋಣ. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡಬ್ಲ್ಯು. ಎಸ್. ಕೇನ್ ಅನ್ನೋ ಸದಸ್ಯ ಎದ್ದು ನಿಂತು ಕೇಳಿದ: ಭಾರತದಲ್ಲಿ ಗಾಂಜಾ ಜನರನ್ನ ಹಾಳು ಮಾಡ್ತಿದೆಯಂತೆ, ಸರ್ಕಾರ ವಿಚಾರಣೆ ಮಾಡಿಸುತ್ತಾ? ಆತ ಮದ್ಯಪಾನ ವಿರೋಧಿ. ಅದೇ ವರ್ಷ ಜುಲೈನಲ್ಲಿ ಭಾರತ ಸರ್ಕಾರ ಒಂದು ಆಯೋಗ ಮಾಡಿತು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್, ಸದಸ್ಯರಲ್ಲಿ ಮೂವರು ಭಾರತೀಯರು. 1193 ಸಾಕ್ಷಿಗಳನ್ನ ಕೇಳಿದರು, ಡಾಕ್ಟರು, ತಹಶೀಲ್ದಾರರು, ಸನ್ಯಾಸಿಗಳು, ವ್ಯಾಪಾರಿಗಳು, ಹುಚ್ಚಾಸ್ಪತ್ರೆಯ ದಾಖಲೆಗಳು, ಯಾವುದನ್ನೂ ಬಿಡಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಪುಟ. ಇವತ್ತಿಗೂ ಈ ಗಿಡದ ಬಗ್ಗೆ ಅಷ್ಟು ತಾಳ್ಮೆಯ ತನಿಖೆ ನಮ್ಮ ದೇಶದಲ್ಲಿ ಇನ್ನೊಂದು ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆಯೋಗ ಹೇಳಿದ್ದೇನು? ಮಿತವಾಗಿ ಬಳಸಿದರೆ ಗಮನಿಸುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ, ಪೂರ್ತಿ ನಿಷೇಧ ಬೇಡ. ಗಾಂಜಾ ಪರ ಮಾತಾಡೋರು ಈ ಸಾಲನ್ನ ಎತ್ತಿ ಕುಣೀತಾರೆ. ಆದರೆ ಅವರು ಮುಂದಿನ ಪುಟ ತಿರುಗಿಸಲ್ಲ. ಆಯೋಗ ಕೊಟ್ಟ ಸಲಹೆ ಹೀಗಿತ್ತು: ತೆರಿಗೆ ಹಾಕಿ, ಅಂಗಡಿಗಳನ್ನ ಎಣಿಸಿ ಕೊಡಿ, ಒಬ್ಬ ಇಷ್ಟೇ ಇಟ್ಟುಕೊಳ್ಳಬಹುದು ಅಂತ ಮಿತಿ ಹಾಕಿ, ಪರವಾನಗಿ ಇಲ್ಲದೆ ಬೆಳೆಯೋದನ್ನ ನಿಲ್ಲಿಸಿ, ಬೆಳೆಯೋದನ್ನ ಒಂದೇ ಕಡೆ ಕೂಡಿಸಿ. ಮನೆ ಪಕ್ಕ, ಬಾವಿ ಪಕ್ಕ ಅಲ್ಲೊಂದು ಇಲ್ಲೊಂದು ಗಿಡ ಬೆಳೆಸೋ ಪದ್ಧತಿಯ ಬಗ್ಗೆಯೂ ಅವರು ವಿಚಾರಿಸಿದ್ದರು. ಯಾಕೆ ಅನ್ನೋದು ಸುಲಭ. ಅಂಗಡಿಯಲ್ಲಿ ಸೇದಿದವನು ಸುಂಕ ಕೊಡ್ತಾನೆ, ಹಿತ್ತಲಲ್ಲಿ ಕಿತ್ತು ಸೇದಿದವನು ಕೊಡಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಗಾದೆ. ಆಯೋಗದ ಪ್ರಕಾರ ಸರ್ಕಾರದ ಗಿಡ ಮದ್ದು, ಹಿತ್ತಲ ಗಿಡ ಕಳವು.

ಸರ್ಕಾರದ ಗಿಡ ಹೇಗಿತ್ತು ಅಂತ ನೋಡಬೇಕಾದರೆ ಬಂಗಾಳದ ನೌಗಾಂವ್‌ಗೆ ಹೋಗಬೇಕು, ಈಗ ಅದು ಬಾಂಗ್ಲಾದೇಶದಲ್ಲಿದೆ. ಬ್ರಿಟಿಷ್ ಭಾರತದ ದೊಡ್ಡ ಗಾಂಜಾ ಕಣಜ ಅದು. ನಮ್ಮ ಹತ್ತಿರದ ಕಡೆ ಅಹ್ಮದ್‌ನಗರದಲ್ಲೂ ಬೆಳೀತಿದ್ರು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಪಪ್ಪಾಯಿಯಲ್ಲಿ ಇರೋ ಹಾಗೆ. ಗಂಡಿನ ಪರಾಗ ಗಾಳಿಯಲ್ಲಿ ಹಾರಿ ಹೆಣ್ಣಿನ ಹೂವಿಗೆ ಬಿತ್ತು ಅಂದರೆ ಹೂವು ಬೀಜ ಕಟ್ಟುತ್ತೆ, ಅಂಟು ಕಡಿಮೆಯಾಗುತ್ತೆ, ಬೆಲೆ ಬಿದ್ದುಹೋಗುತ್ತೆ. ಅದಕ್ಕೆ ನೌಗಾಂವ್‌ನಲ್ಲಿ ಒಂದು ಕಸುಬೇ ಹುಟ್ಟಿಕೊಂಡಿತ್ತು. ಹೊಲಕ್ಕೆ ಹೂವು ಬಿಡೋ ಮುಂಚೆ ಬಂದು, ಸಾಲಿನಲ್ಲಿ ನಡೆಯುತ್ತಾ ಗಂಡು ಗಿಡ ಗುರುತಿಸಿ ಕಿತ್ತು ಹಾಕೋ ಪರಿಣತ. ಸಾಹೇಬರು ಅವನನ್ನ 'ಗಾಂಜಾ ಡಾಕ್ಟರ್' ಅಂತ ಕರೆದರು. 1893ರಲ್ಲಿ ಡೇವಿಡ್ ಪ್ರೇನ್ ಅನ್ನೋ ಸಸ್ಯವಿಜ್ಞಾನಿ ಈ ಕೃಷಿಯ ಬಗ್ಗೆ ವರದಿ ಬರೆದ. ಅಕ್ಷರ ಬರದ ರೈತ ತಲೆತಲಾಂತರದಿಂದ ಒಳ್ಳೆ ಹೆಣ್ಣನ್ನ ಉಳಿಸಿ, ಬೇಡದ ಗಂಡನ್ನ ಕಿತ್ತು, ಬೀಜ ಆರಿಸುತ್ತಾ ಬಂದಿದ್ದ. ಅದೂ ತಳಿ ಅಭಿವೃದ್ಧಿಯೇ.

ಪರಾಗಕ್ಕೆ ಬೇಲಿ ಗೊತ್ತಿಲ್ಲ. ಹಿತ್ತಲಲ್ಲಿ ಒಂದು ಗಂಡು ಗಿಡ ಬಿಟ್ಟರೆ ಆಚೆ ಹೊಲದ ಬೆಳೆ ಕೆಡುತ್ತೆ. ಬೆಳೆಯನ್ನ ಒಂದೇ ಕಡೆ ಕೂಡಿಹಾಕಿದ್ದು ಸುಂಕಕ್ಕೂ ಒಳ್ಳೆಯದಾಯ್ತು, ಸರಕಿಗೂ ಒಳ್ಳೆಯದಾಯ್ತು.

ನಿಜಾಮನ ಸರ್ಕಾರವೂ ಇದೇ ದಾರಿಯಲ್ಲಿತ್ತು. 1316 ಫಸಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ 1906-07, ಹೈದರಾಬಾದ್ ಅಬ್ಕಾರಿ ಕಾಯ್ದೆ ಬಂತು. ಸೇಂದಿ, ಸಾರಾಯಿ, ಗಾಂಜಾ ಎಲ್ಲಾ ಪರವಾನಗಿಯ ಬಾಬ್ತು. ಆಳಂದದ ರೈತನಿಗೆ ಇದರ ಅರ್ಥ ಏನು? ಚಿಲುಮೆ ಸೇದೋದು ಅವನಿಷ್ಟ, ಗಿಡ ಮಾತ್ರ ಸರ್ಕಾರದ್ದು. ಈಚಲು ಮರಕ್ಕೂ ಇದೇ ಕಥೆ ತಾನೇ? ಮರ ನಿನ್ನ ಹೊಲದಲ್ಲಿದ್ದರೂ ಅದರ ರಸಕ್ಕೆ ಅಬ್ಕಾರಿ ಗುತ್ತಿಗೆದಾರ ಯಜಮಾನ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1948ರಲ್ಲಿ ನಿಜಾಮನ ಆಳ್ವಿಕೆ ಮುಗೀತು. 1956ರ ನವೆಂಬರ್ 1ಕ್ಕೆ ಆಳಂದ ಮೈಸೂರು ರಾಜ್ಯಕ್ಕೆ ಬಂತು. 1961ರಲ್ಲಿ ವಿಶ್ವಸಂಸ್ಥೆಯ ಏಕೀಕೃತ ಮಾದಕ ವಸ್ತು ಒಪ್ಪಂದವಾಯಿತು. ಗಾಂಜಾ ಬಳಕೆ ಇರೋ ದೇಶಗಳಿಗೆ ಅದನ್ನ ನಿಲ್ಲಿಸೋಕೆ 25 ವರ್ಷ ಗಡುವು ಸಿಕ್ಕಿತು. ಒಪ್ಪಂದದ ಅರ್ಥವಿವರಣೆಯಲ್ಲಿ ಒಂದು ಸಣ್ಣ ಕಿಂಡಿಯೂ ಇತ್ತು. ಗಾಂಜಾ ಅಂದರೆ ಹೂವಿನ ತುದಿ. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಅದರಲ್ಲಿ ಸೇರಲ್ಲ. ಗಡುವು ಮುಗಿಯೋ ಹೊತ್ತಿಗೆ, 1985ರ ನವೆಂಬರ್ 14ರಂದು, ನಮ್ಮ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅರ್ಥವಿವರಣೆ ಹೆಚ್ಚುಕಡಿಮೆ ಅದೇ ಪದಗಳಲ್ಲಿ.

ಆಗ ಆದದ್ದನ್ನ ಗಮನಿಸಿ. 1894ರ ಯಂತ್ರದಲ್ಲಿ ಎರಡು ಭಾಗ ಇತ್ತು, ತೆರೆದ ಅಂಗಡಿ ಮತ್ತು ಮುಚ್ಚಿದ ಹಿತ್ತಲು. 1985ರಲ್ಲಿ ಗಾಂಜಾ ಅಂಗಡಿಯ ಬಾಗಿಲು ಹಾಕಿದರು. ಹಿತ್ತಲಿನ ಬೀಗ ಹಾಗೇ ಉಳೀತು, ಅಷ್ಟೇ ಅಲ್ಲ, ಬೀಗ ಇನ್ನೂ ದಪ್ಪವಾಯಿತು. 2001ರಲ್ಲಿ ಕಾಯ್ದೆ ತಿದ್ದಿ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಅಂತ ಶಿಕ್ಷೆಗೆ ಮೆಟ್ಟಿಲು ಕಟ್ಟಿದಾಗಲೂ ಬೆಳೆಯೋ ಕಲಮಿಗೆ ಮೆಟ್ಟಿಲು ಬರಲಿಲ್ಲ. ಸುಂಕ ಕಾಯೋಕೆ ಹುಟ್ಟಿದ ನಿಯಮ, ಸುಂಕವೇ ಹೋದ ಮೇಲೂ ಕಾವಲು ನಿಂತಿದೆ.

ಎಲೆಯ ಕಿಂಡಿಯ ಕಥೆ ನಮ್ಮ ಹೈಕೋರ್ಟಿಗೇ ಬಂತು. 2022ರ ಆಗಸ್ಟ್‌ನಲ್ಲಿ, 29 ಕಿಲೋ ಭಾಂಗ್ ಜತೆ ಸಿಕ್ಕಿಬಿದ್ದ ಒಬ್ಬನಿಗೆ ಜಾಮೀನು ಕೊಡುತ್ತಾ ಕರ್ನಾಟಕ ಹೈಕೋರ್ಟ್, ಭಾಂಗ್ ಎನ್‌ಡಿಪಿಎಸ್ ಅರ್ಥವಿವರಣೆಯೊಳಗೆ ಬರಲ್ಲ ಅಂತ ಹೇಳಿತು. ರಾಜಸ್ಥಾನದಲ್ಲಿ ಸರ್ಕಾರದ ಪರವಾನಗಿಯ ಭಾಂಗ್ ಅಂಗಡಿಗಳೇ ಇವೆ. ಎಲೆ ಮಾಫಿ, ಹೂವು ಅಪರಾಧ, ಎರಡೂ ಹುಟ್ಟಿದ ಗಿಡಕ್ಕೆ ಹತ್ತು ವರ್ಷ.

ನಮ್ಮ ಕಡೆಯ ಜನರಿಗೆ ಈ ಭಾಗಾಕಾರ ತಿಳಿಯೋದಾದರೂ ಹೇಗೆ? ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ ಇದ್ದಾನೆ, ಯಾದಗಿರಿ ಜಿಲ್ಲೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ದೈವ. ಅಲ್ಲಿಯ ಜಾತ್ರೆಯಲ್ಲಿ ಗಾಂಜಾ ಸೊಪ್ಪಿನ ಪೊಟ್ಟಣವನ್ನ ಪ್ರಸಾದವಾಗಿ ಕೊಡುವ ವಿಷಯ 2020ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದು ದೇಶವೆಲ್ಲಾ ಓದಿತು. ಅವಧೂತ, ಆರೂಢ ಪರಂಪರೆಗಳಲ್ಲಿ ಅದು ಧ್ಯಾನದ ಸೊಪ್ಪು. ಭಕ್ತಿಯ ಹೆಸರಲ್ಲಿ ಎಲ್ಲಾ ಮಾಫಿ ಆಗಬೇಕು ಅಂತ ನನ್ನ ವಾದ ಅಲ್ಲ. ಎಳೆ ವಯಸ್ಸಿನ ಹುಡುಗರ ತಲೆಗೆ ಈ ಹೊಗೆ ಏನು ಮಾಡುತ್ತೆ ಅಂತ ವೈದ್ಯರು ಹೇಳ್ತಾರೆ, ಅದನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಆದರೆ ಜಾತ್ರೆಗೆ ಹೋಗಿ ಬಂದ ಮುದುಕನಿಗೂ ಪೆಡ್ಲರ್‌ಗೂ ಒಂದೇ ಹೆಸರಿಡೋದು ಇತಿಹಾಸ ಓದದವರ ಕೆಲಸ.

ಅದೇ 2020ರ ಸೆಪ್ಟೆಂಬರ್‌ನಲ್ಲೇ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿಗೆ ಬಂದು, ಕುರಿ ಸಾಕೋ ಜಾಗದಲ್ಲಿ ನೆಲದೊಳಗೆ ಗುಂಡಿ ತೋಡಿ ಅಡಗಿಸಿಟ್ಟಿದ್ದ ಸುಮಾರು 1350 ಕಿಲೋ ಗಾಂಜಾ ಎತ್ತಿದರು. ಅದು ಇಲ್ಲಿ ಬೆಳೆದದ್ದಲ್ಲ, ಒಡಿಶಾ ಕಡೆಯಿಂದ ಬಂದ ಸರಕು. ಗಡಿ ಜಿಲ್ಲೆ ಗೋದಾಮಾಗಿತ್ತು, ಅಷ್ಟೇ.

ಎರಡು ವರ್ಷ ಬಿಟ್ಟು, 2022ರ ಸೆಪ್ಟೆಂಬರ್ 23ರ ರಾತ್ರಿ, ಕಮಲಾಪುರದ ಸಿಪಿಐ ಶ್ರೀಮಂತ ಇಲ್ಲಾಳ ಮತ್ತು ತಂಡ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ತುರೋರಿಯ ಹೊಲಕ್ಕೆ ಹೋದರು. ಗುಂಪು ಮುಗಿಬಿತ್ತು. ಇನ್ಸ್‌ಪೆಕ್ಟರ್ ಸಾವು ಬದುಕಿನ ನಡುವೆ ಏರ್ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಬಂದರು. ಉಮರ್ಗಾ ಎಲ್ಲಿದೆ? ಆಳಂದದ ನೆರೆಯಲ್ಲೇ. 1956ರವರೆಗೆ ಎರಡೂ ಒಂದೇ ಹೈದರಾಬಾದ್ ರಾಜ್ಯ. ಆಮೇಲೆ ಎಳೆದ ಗೆರೆಯ ಆಚೆ ನಮ್ಮ ಪೊಲೀಸ್ ಹೊರಗಿನವನು, ಈಚೆ ಅವರ ಪೊಲೀಸ್ ಹೊರಗಿನವನು. ಬೆಳೆಯೋನಿಗೆ ಅದಕ್ಕಿಂತ ಒಳ್ಳೆ ಬೇಲಿ ಬೇಕಾ? ಆ ದಾಳಿ ಮಾಡಿದವರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ. ಹೇಳಬೇಕಾದ್ದು ಇಷ್ಟೇ, ಪರವಾನಗಿ ಹೊಲವಿದ್ದ ಕಾಲದಲ್ಲಿ ಗಾಂಜಾ ಹೊಲಕ್ಕೆ ಕಾವಲಿಗೆ ಇದ್ದವನು ಸರ್ಕಾರದ ಜವಾನ. ಈಗ ಕಾವಲಿಗಿರೋದು ಮಚ್ಚು.

ಇನ್ನು ಗಾಂಜಾ ಡಾಕ್ಟರನ ವಿದ್ಯೆ ಎಲ್ಲಿಗೆ ಹೋಯಿತು ಅಂತ ಕೇಳಿ. ಯುರೋಪಿನ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಸಟೈವಾ ಅಂತ ಹೆಸರಿಟ್ಟಿದ್ದ. 1785ರಲ್ಲಿ ಫ್ರಾನ್ಸಿನ ಲಮಾರ್ಕ್ ಭಾರತದಿಂದ ಹೋದ ಮಾದರಿ ನೋಡಿ, ಇದು ಬೇರೆ ಅಂದು, ಇಂಡಿಕಾ ಅಂದ. ನಮ್ಮ ದೇಶದ ಹೆಸರು. 1964ರಲ್ಲಿ ಇಸ್ರೇಲಿನ ಮೆಶುಲಾಮ್ ಮತ್ತು ಗಾವೋನಿ ಅಮಲಿನ ಮೂಲವಾದ ಟಿಎಚ್‌ಸಿಯನ್ನ ಬೇರ್ಪಡಿಸಿ ತೋರಿಸಿದರು. 70ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಅಫ್ಘಾನಿಸ್ತಾನದ ಕುಳ್ಳ ಗಿಡವನ್ನ ಮೆಕ್ಸಿಕೊ, ಕೊಲಂಬಿಯಾದ ಉದ್ದ ಗಿಡಗಳ ಜತೆ ಬೆರೆಸಿದರು. 80ರ ದಶಕದಲ್ಲಿ ನಾವು ಕಾಯ್ದೆ ಬರೆಯುತ್ತಿದ್ದಾಗ ನೆದರ್ಲೆಂಡ್ಸ್‌ನಲ್ಲಿ ಆ ಮಿಶ್ರ ತಳಿಯ ಬೀಜ ಪೊಟ್ಟಣದಲ್ಲಿ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಜಪ್ತಿಯಾದ ಸರಕಿನಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ 4 ಇತ್ತು, 2014ರ ಹೊತ್ತಿಗೆ ಶೇ 12. ಆಯೋಗದ 1193 ಸಾಕ್ಷಿಗಳು ಮಾತಾಡಿದ್ದು ಈ ಗಿಡದ ಬಗ್ಗೆ ಅಲ್ಲ. 1894ರ ವರದಿ ತೋರಿಸಿ 'ಹಾನಿ ಇಲ್ಲ' ಅನ್ನೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಆ ಬೆರಕೆ ಈಗ ನಮ್ಮ ಊರಿಗೇ ವಾಪಸ್ ಬಂದಿದೆ. 2021ರಲ್ಲಿ ಬಿಡದಿಯ ಒಂದು ವಿಲ್ಲಾದೊಳಗೆ ವಿದೇಶಿಯರು ಮಣ್ಣೇ ಇಲ್ಲದೆ ನೂರಕ್ಕೂ ಹೆಚ್ಚು ಗಿಡ ಬೆಳೆಸಿದ್ದನ್ನ ಬೆಂಗಳೂರಿನ ಸಿಸಿಬಿ ಹಿಡೀತು. 'ಹೈಡ್ರೋ' ಅಂತಾರಲ್ಲ, ಅದು. 2024ರ ನವೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ದಂಪತಿ. ಬಾಲ್ಕನಿಯ ಹೂವಿನ ಕುಂಡದಲ್ಲಿ ಗುಲಾಬಿ ಜತೆ ಗಾಂಜಾ. ಹೆಂಡತಿ ತನ್ನ ಕೈತೋಟದ ವಿಡಿಯೋ ಫೇಸ್‌ಬುಕ್ಕಿಗೆ ಹಾಕಿದಳು, ನೋಡಿದವರು ಪೊಲೀಸರಿಗೆ ಹೇಳಿದರು. ಸಿಕ್ಕಿದ್ದು ಐವತ್ತು ಚಿಲ್ಲರೆ ಗ್ರಾಂ. ಅಷ್ಟನ್ನ ಬೀದಿಯಲ್ಲಿ ಕೊಂಡು ಜೇಬಿಗೆ ಹಾಕಿಕೊಂಡಿದ್ದರೆ ಹೆಚ್ಚೆಂದರೆ ಒಂದು ವರ್ಷ. ಕುಂಡದಲ್ಲಿ ಬೆಳೆದದ್ದಕ್ಕೆ ಹತ್ತು ವರ್ಷದವರೆಗಿನ ಕಲಂ. ಅಂದ್ರೆ ಪೆಡ್ಲರ್ ಹತ್ತಿರ ಹೋಗಿ ಕೊಳ್ಳೋದೇ ವಾಸಿ ಅಂತ ಕಾನೂನೇ ಹೇಳಿದ ಹಾಗಾಯ್ತಲ್ಲ ಸ್ವಾಮಿ!

ಬಿಡದಿಯ ವಿಲ್ಲಾ, ಬಾಲ್ಕನಿಯ ಕುಂಡ, ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಹಾಕಿದ ಗಡಿ ಭಾಗದ ರೈತ. ಮೂವರಿಗೂ ಒಂದೇ 20(ಎ). ಶಿಕ್ಷೆ ಎಷ್ಟು ಅನ್ನೋದು ಜಡ್ಜ್ ವಿವೇಚನೆಗೆ ಬಿಟ್ಟಿದ್ದು, ನಿಜ. ಆದರೆ ಆ ವಿವೇಚನೆ ಸಿಗೋವರೆಗೆ ವಕೀಲರ ಫೀಸು ಕೊಟ್ಟು ಕಾಯಬೇಕಲ್ಲ, ಅಲ್ಲಿ ವಿಲ್ಲಾದವನೂ ತೊಗರಿ ರೈತನೂ ಒಂದೇ ಅಲ್ಲ.

ಅದೇ ಕಾಯ್ದೆಯ 14ನೇ ಕಲಂ ಸರ್ಕಾರಕ್ಕೆ ಇನ್ನೊಂದು ಅಧಿಕಾರ ಕೊಟ್ಟಿದೆ, ನಾರಿಗೆ ಮತ್ತು ಬೀಜಕ್ಕೆ ಈ ಗಿಡ ಬೆಳೆಯೋಕೆ ಅನುಮತಿ ಕೊಡಬಹುದು. ಉತ್ತರಾಖಂಡ 2018ರಲ್ಲಿ ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇರೋ ತಳಿಗೆ ಪರವಾನಗಿ ಕೊಡೋಕೆ ಶುರು ಮಾಡಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಬೀಜವನ್ನ, ಬೀಜದ ಎಣ್ಣೆಯನ್ನ ಆಹಾರ ಅಂತ ಒಪ್ಪಿತು. ಮತ್ತೆ ಪರವಾನಗಿ, ಮತ್ತೆ ಸರ್ಕಾರದ ಹೊಲ.

2020ರ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದ ಮತದಾನ ನಡೀತು. 1961ರ ಒಪ್ಪಂದದಲ್ಲಿ ಗಾಂಜಾವನ್ನ ಹೆರಾಯಿನ್ ಪಕ್ಕ ಕೂರಿಸಿದ್ದ ಅತಿ ಕಠಿಣ ಪಟ್ಟಿಯಿಂದ ತೆಗೆಯಬೇಕಾ ಬೇಡವಾ ಅಂತ. ತೆಗೆಯಿರಿ ಅಂದವರು 27, ಬೇಡ ಅಂದವರು 25. ಆ 27ರಲ್ಲಿ ಭಾರತವೂ ಇತ್ತು. ಕಾಳಗಿಯ ಗುಂಡಿ ಅಗೆದು ಆಗ ಮೂರು ತಿಂಗಳೂ ಆಗಿರಲಿಲ್ಲ.