ಕುಲದ ಲೆಕ್ಕ, ಮತದ ಲೆಕ್ಕ

1957ರ ಮಹಾಚುನಾವಣೆಯಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಜಗಳೂರಿನ ಜೆ. ಮಹಮ್ಮದ್ ಇಮಾಂ. ಅವರು ಪ್ರಜಾ ಸೋಷಿಯಲಿಸ್ಟ್ ಪಕ್ಷದ ಅಭ್ಯರ್ಥಿ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅತ್ತ ಸೇರಿತು. ಅಂದಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಊರು ಇದೇ ದುರ್ಗ. 1952ರಲ್ಲಿ ಇದೇ ಕ್ಷೇತ್ರದಿಂದ ಅವರು ಲೋಕಸಭೆಗೆ ಹೋಗಿದ್ದರು. ಅಂಥ ನಾಯಕರ ಜಿಲ್ಲೆಯಲ್ಲಿ ಅವರ ಪಕ್ಷ ಸೋತಿತು, ಒಬ್ಬ ಮುಸ್ಲಿಂ ಅಭ್ಯರ್ಥಿ ಗೆದ್ದರು. ಹತ್ತು ವರ್ಷಗಳ ನಂತರ, 1967ರಲ್ಲಿ, ಇಮಾಂ ಸಾಹೇಬರು ಸ್ವತಂತ್ರ ಪಕ್ಷದಿಂದ ನಿಂತು ಮತ್ತೆ ಗೆದ್ದರು. ಆಗಲೂ ನಿಜಲಿಂಗಪ್ಪನವರೇ ಮುಖ್ಯಮಂತ್ರಿ.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ಮುಸ್ಲಿಮರು ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಮಾಂ ಸಾಹೇಬರಿಗೆ ಮೀಸಲು ಕ್ಷೇತ್ರದ ಆಸರೆ ಇರಲಿಲ್ಲ, ಸ್ವಸಮುದಾಯದ ಮತಗಳಷ್ಟರಿಂದಲೇ ಗೆಲ್ಲುವುದೂ ಸಾಧ್ಯವಿರಲಿಲ್ಲ. ಲಿಂಗಾಯತರು, ಕುಂಚಿಟಿಗರು, ನಾಯಕರು, ಗೊಲ್ಲರು, ದಲಿತರು ವಾಸಿಸುವ ಬಯಲುಸೀಮೆಯ ಹಳ್ಳಿಗಳ ಮತವೇ ಅವರನ್ನು ದೆಹಲಿಗೆ ಕಳುಹಿಸಿತು. ಜಾತಿಯ ಲೆಕ್ಕವಿಲ್ಲದೆ ಚುನಾವಣೆಯೇ ಇಲ್ಲ ಎಂದು ಮಾತನಾಡುವ ನಮಗೆ ಈ ಎರಡು ಫಲಿತಾಂಶಗಳು ನೆನಪಿರಬೇಕು. ಅದನ್ನು ಸರಿಯಾಗಿ ಅರಿಯಲು ಮೊದಲು ದೂರದ ಒಂದು ಮುಸ್ಲಿಂ ದೇಶದ ಕಥೆಯನ್ನು ನೋಡೋಣ.

ನಾಲ್ಕೂವರೆಯ ಸೂತ್ರ

ಆಫ್ರಿಕದ ಸೋಮಾಲಿಯದಲ್ಲಿ ಬಹುತೇಕ ಎಲ್ಲರೂ ಸುನ್ನಿ ಮುಸ್ಲಿಮರು. ಹೆಚ್ಚುಕಡಿಮೆ ಎಲ್ಲರ ಭಾಷೆಯೂ ಒಂದೇ. ಧರ್ಮ ಒಂದಾದರೆ, ಭಾಷೆ ಒಂದಾದರೆ ಜಗಳವೇ ಇರದು ಎಂದು ನಂಬುವವರು ಈ ದೇಶದ ಚರಿತ್ರೆಯನ್ನು ಓದಬೇಕು. 1960ರಲ್ಲಿ ಸ್ವತಂತ್ರವಾದ ದೇಶ 1969ರ ಮಾರ್ಚ್‌ನಲ್ಲಿ ಚುನಾವಣೆ ನಡೆಸಿದಾಗ 123 ಸ್ಥಾನಗಳಿಗೆ ಅರವತ್ತಕ್ಕೂ ಹೆಚ್ಚು ಪಕ್ಷಗಳು, ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಲ್ಲಿದ್ದರು. ಹೆಸರಿಗೆ ಪಕ್ಷ, ಒಳಗೆ ಕುಲ. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಕೊಲೆಯಾಯಿತು, ಕೆಲವೇ ದಿನಗಳಲ್ಲಿ ಸೇನೆ ಅಧಿಕಾರ ಹಿಡಿಯಿತು. ಸೇನಾಧಿಪತಿ ಸಿಯಾದ್ ಬರ್ರೆ ಕುಲದ ಹೆಸರೆತ್ತುವುದನ್ನೇ ನಿಷೇಧಿಸಿದ. ಆದರೆ ಅಧಿಕಾರವನ್ನು ತನ್ನ ನಂಟರ ಕುಲಗಳಿಗೆ ಹಂಚಿದ. 1991ರಲ್ಲಿ ಅವನು ಓಡಿಹೋದಾಗ ಸರ್ಕಾರವೆಂಬುದೇ ಉಳಿದಿರಲಿಲ್ಲ.

ರಕ್ತಪಾತ ನಿಲ್ಲಿಸಲು 2000ದಲ್ಲಿ ಜಿಬೂತಿಯ ಆರ್ತಾದಲ್ಲಿ ಸಭೆ ಸೇರಿದ ಹಿರಿಯರು ಒಪ್ಪಿಕೊಂಡದ್ದು ‘ನಾಲ್ಕೂವರೆ’ ಎಂಬ ಸೂತ್ರ. ದಾರೋದ್, ಹವಿಯೆ, ದಿರ್ ಮತ್ತು ದಿಗಿಲ್-ಮಿರಿಫ್ಲೆ ಎಂಬ ನಾಲ್ಕು ದೊಡ್ಡ ಕುಲಗಳಿಗೆ ಸಮಪಾಲು. ಉಳಿದವರಿಗೆಲ್ಲ ಸೇರಿ ಅರ್ಧ ಪಾಲು. 2004ರ ಸಂಸತ್ತಿನ 275 ಸ್ಥಾನಗಳು ಹಂಚಿಕೆಯಾದದ್ದು ಹೀಗೆಯೇ: ಒಂದೊಂದು ದೊಡ್ಡ ಕುಲಕ್ಕೆ 61, ಉಳಿದವರಿಗೆ 31.

ಆ ಅರ್ಧ ಪಾಲಿನವರು ಯಾರು? ನದಿ ದಡದಲ್ಲಿ ಬೇಸಾಯ ಮಾಡುವ ಬಾಂಟು ಮೂಲದವರು, ಕರಾವಳಿ ಪಟ್ಟಣಗಳ ಬೆನಾದಿರಿಗಳು, ತೊಗಲಿನ ಕೆಲಸದ ಗಬೋಯೆಗಳು, ಕಮ್ಮಾರಿಕೆಯ ತುಮಾಲರು. ದೊಡ್ಡ ಕುಲದವರು ಇವರಿಗೆ ಹೆಣ್ಣು ಕೊಡುವುದಿಲ್ಲ, ಇವರಿಂದ ತರುವುದೂ ಇಲ್ಲ. ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವರು ಮದುವೆಯ ಮಾತಿಗೆ ಬಂದಾಗ ದೂರ ಸರಿಯುತ್ತಾರೆ. ಬಯಲುಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೂತ್ರ ಕದನವನ್ನು ತಗ್ಗಿಸಿತು ಎಂಬುದು ನಿಜ. ಆದರೆ ಅದು ಮತದಾರನನ್ನೇ ಮರೆಸಿತು. 2012ರಲ್ಲಿ 275 ಸದಸ್ಯರನ್ನು ಆರಿಸಿದವರು 135 ಮಂದಿ ಕುಲ ಹಿರಿಯರು. 2016ರಲ್ಲಿ ಒಂದೊಂದು ಸ್ಥಾನಕ್ಕೆ 51 ಪ್ರತಿನಿಧಿಗಳಂತೆ ಒಟ್ಟು 14,025 ಮಂದಿಗೆ ಮತದ ಹಕ್ಕು ಸಿಕ್ಕಿತು. 2021–22ರಲ್ಲಿ ಸ್ಥಾನಕ್ಕೆ 101 ಮಂದಿ. ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಶೇಕಡಾ ಎಷ್ಟು ಮತದಾನವಾಯಿತು ಎಂದು ಕೇಳುವುದೇ ಅರ್ಥಹೀನವಾಯಿತು. ಸ್ಥಾನವೂ ಕುಲದ್ದು, ಮತವೂ ಕುಲದ್ದು. ಆಯ್ಕೆಯಾದವನು ಪಕ್ಕದ ಕುಲದವನ ಮುಂದೆ ಕೈಮುಗಿದು ನಿಲ್ಲಬೇಕಾದ ಪ್ರಸಂಗವೇ ಬರಲಿಲ್ಲ.

ಸ್ಥಾನ ಒಬ್ಬರದು, ಮತ ಎಲ್ಲರದು

ನಮ್ಮ ದೇಶವೂ ಈ ಕವಲುದಾರಿಯಲ್ಲಿ ನಿಂತಿತ್ತು. 1909ರಲ್ಲಿ ಬ್ರಿಟಿಷರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು. 1932ರಲ್ಲಿ ದಲಿತರಿಗೂ ಅದೇ ಬಂದಾಗ ಪೂನಾ ಒಪ್ಪಂದವಾಯಿತು: ಸ್ಥಾನ ದಲಿತರಿಗೆ ಮೀಸಲು, ಮತ ಮಾತ್ರ ಎಲ್ಲರದು. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಟ್ಟಿತು. ಮದರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಪ್ರತ್ಯೇಕ ಮತಕ್ಷೇತ್ರಕ್ಕಾಗಿ ವಾದಿಸಿದರು. ಬೇಗಂ ಐಝಾಝ್ ರಸೂಲ್ ಮೀಸಲು ಸ್ಥಾನವೇ ಬೇಡವೆಂದರು. ಇಬ್ಬರೂ ಮುಸ್ಲಿಮರ ಹಿತವನ್ನೇ ಯೋಚಿಸಿದವರು. ಆ ವಾದ ಇಂದಿಗೂ ಮುಗಿದಿಲ್ಲ.

ಬೇಗಂ ಸಾಹೇಬರ ನಂಬಿಕೆಯನ್ನು ನಿಜ ಮಾಡಿ ತೋರಿಸಿದ ಕೆಲವು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಇಮಾಂ ಸಾಹೇಬರ ಗೆಲುವು ಒಂದು ಸಾಕ್ಷಿ. 1962ರಲ್ಲಿ ಹೊಸದುರ್ಗದ ಮತದಾರರು ಘಟಾನುಘಟಿ ನಿಜಲಿಂಗಪ್ಪನವರನ್ನೇ ಸೋಲಿಸಿ ಪ್ರಜಾ ಸೋಷಿಯಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ಆರಿಸಿದರು. ಎಸ್.ಆರ್. ಕಂಠಿಯವರು ಕೆಲಕಾಲ ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬರಬೇಕಾಯಿತು. 1984ರಲ್ಲಿ ಹಿರಿಯೂರಿನ ದಲಿತ ನಾಯಕ ಕೆ.ಎಚ್. ರಂಗನಾಥ್ ಸಾಮಾನ್ಯ ಕ್ಷೇತ್ರವಾಗಿದ್ದ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದರು. 2008ರಲ್ಲಿ ಹೊಸದುರ್ಗದ ಸಾಮಾನ್ಯ ಕ್ಷೇತ್ರ ಭೋವಿ ಸಮುದಾಯದ ಗೂಳಿಹಟ್ಟಿ ಶೇಖರ್ ಅವರನ್ನೂ, ಹಿರಿಯೂರು ಅತಿ ಸಣ್ಣ ಜೈನ ಸಮುದಾಯದ ಡಿ. ಸುಧಾಕರ್ ಅವರನ್ನೂ ಪಕ್ಷೇತರರಾಗಿಯೇ ಗೆಲ್ಲಿಸಿದವು.

ಇದರಿಂದ ಜಾತಿ ಇಲ್ಲವೆಂದು ಸಾಬೀತಾಗುವುದಿಲ್ಲ. ಗೆದ್ದವರಲ್ಲಿ ಅಲೆಯ ಬಲವಿದ್ದವರಿದ್ದರು, ಹಣಬಲವಿದ್ದವರಿದ್ದರು. ಟಿಕೆಟ್ ಹಂಚುವಾಗ ಪಕ್ಷಗಳು ಜಾತಿಯ ತಲೆ ಎಣಿಸುತ್ತವೆ. ದುರ್ಗದ ಸುತ್ತ ಭೋವಿ, ಮಾದಾರ, ಯಾದವ, ಉಪ್ಪಾರ, ಕುಂಚಿಟಿಗ ಹೀಗೆ ಒಂದೊಂದು ಸಮುದಾಯಕ್ಕೂ ಒಂದೊಂದು ಗುರುಪೀಠವಿದೆ. ಶತಮಾನಗಳ ಕಾಲ ಮಠದ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟವರಿಗೆ ಅವು ಆತ್ಮಗೌರವ ಕೊಟ್ಟವು. ಚುನಾವಣೆ ಬಂದಾಗ ಅಭ್ಯರ್ಥಿಗಳ ಕಾರುಗಳೂ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಆದರೂ ಸೋಮಾಲಿಯದ ಕುಲ ಹಿರಿಯನಿಗೂ ನಮ್ಮ ಸ್ವಾಮೀಜಿಗೂ ಒಂದು ವ್ಯತ್ಯಾಸವಿದೆ. ಸ್ವಾಮೀಜಿ ಆಶೀರ್ವಾದ ಮಾಡಬಹುದು, ಮತಗಟ್ಟೆಯೊಳಗೆ ಬರಲಾರರು.

ಗೆರೆ ಎಳೆಯುವವರು

ಸ್ಥಾನ ಹಂಚಿಕೆ ನ್ಯಾಯವಾಗಿದೆಯೇ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಭರಮಸಾಗರ ಕ್ಷೇತ್ರ ನಕಾಶೆಯಿಂದಲೇ ಅಳಿಸಿಹೋಯಿತು. ಮೀಸಲಾಗಿದ್ದ ಹಿರಿಯೂರು ಸಾಮಾನ್ಯವಾಯಿತು, ಸಾಮಾನ್ಯವಾಗಿದ್ದ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಚಳ್ಳಕೆರೆ, ಮೊಳಕಾಲ್ಮೂರು ಪರಿಶಿಷ್ಟ ಪಂಗಡಕ್ಕೆ ಹೋದವು. 2009ರಿಂದ ಚಿತ್ರದುರ್ಗ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು.

ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶದಂತೆ ಆ ಪಟ್ಟಿಯಲ್ಲಿ ಹಿಂದೂ, ಸಿಖ್, ಬೌದ್ಧರಿಗಷ್ಟೇ ಜಾಗ. ಹಾಗಾಗಿ ಇಮಾಂ ಸಾಹೇಬರು ಎರಡು ಬಾರಿ ಗೆದ್ದ ಕ್ಷೇತ್ರದಲ್ಲಿ ಇಂದು ಮುಸ್ಲಿಮನೊಬ್ಬ ನಾಮಪತ್ರವನ್ನೇ ಸಲ್ಲಿಸಲಾರ. ರಾಜ್ಯದಲ್ಲಿ ಮುಸ್ಲಿಮರು 2011ರ ಗಣತಿಯಂತೆ ಶೇ. 12.92. ಜನಸಂಖ್ಯೆಯ ಲೆಕ್ಕ ಹಾಕಿದರೆ 224ರ ವಿಧಾನಸಭೆಯಲ್ಲಿ 29ರಷ್ಟು ಸದಸ್ಯರಿರಬೇಕು. 2023ರಲ್ಲಿ ಗೆದ್ದವರು 9.

ಈ ನೋವು ನಿಜ. ಆದರೆ ಅದನ್ನು ದಲಿತರ ಮೇಲೆ ತಿರುಗಿಸುವುದು ಅನ್ಯಾಯ. ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸೇರಿ ಶೇ. 40ಕ್ಕೂ ಹೆಚ್ಚು. ಮೀಸಲಾತಿ ಇಲ್ಲದಿದ್ದರೆ ಅವರಲ್ಲಿ ಎಷ್ಟು ಮಂದಿಗೆ ಟಿಕೆಟ್ ಸಿಗುತ್ತಿತ್ತು? 2019ರಲ್ಲಿ ಇದೇ ಕ್ಷೇತ್ರದ ಸಂಸದ ಎ. ನಾರಾಯಣಸ್ವಾಮಿಯವರನ್ನು ಪಾವಗಡ ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಲೋಕಸಭೆಯ ಬಾಗಿಲು ತೆರೆದುಕೊಂಡವರಿಗೆ ಹಟ್ಟಿಯ ಬಾಗಿಲು ಮುಚ್ಚಿತ್ತು.

ನಮ್ಮೊಳಗಿನ ಅರ್ಧ ಪಾಲಿನವರು

ಸೋಮಾಲಿಯದ ‘ಅರ್ಧ’ವನ್ನು ನೋಡಿ ಮರುಗುವ ಮೊದಲು ನಮ್ಮಲ್ಲಿ ಯಾರನ್ನು ಅರ್ಧವಾಗಿ ಎಣಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಒಳಮೀಸಲಾತಿಯ ಬಗ್ಗೆ ವರದಿ ಕೊಟ್ಟ ನಾಗಮೋಹನದಾಸ್ ಆಯೋಗ 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕವಾಗಿ ಶೇ. 1 ಸೂಚಿಸಿತ್ತು. 2025ರ ಆಗಸ್ಟ್‌ನಲ್ಲಿ ಸರ್ಕಾರ 6, 6, 5 ಎಂದು ಮೂರು ಪಾಲು ಮಾಡಿ, ಅಲೆಮಾರಿಗಳನ್ನು ತಮಗಿಂತ ಬಲಿಷ್ಠರ ಜೊತೆ ಕೊನೆಯ ಪಾಲಿಗೆ ಸೇರಿಸಿತು. ಅದು ಶಿಕ್ಷಣ, ಉದ್ಯೋಗದ ಹಂಚಿಕೆ. ಆದರೂ ಸಣ್ಣವರನ್ನು ಮೂಟೆಕಟ್ಟಿ ಒಂದೆಡೆ ಇಡುವ ಲೆಕ್ಕ ಅದೇ. ಮುಸ್ಲಿಮರಲ್ಲೂ ಪಿಂಜಾರರು, ನದಾಫರು ಇದ್ದಾರೆ. ಹತ್ತಿ ಹಿಂಜಿ ಬದುಕಿದ, ಮನೆಯಲ್ಲಿ ಕನ್ನಡವನ್ನೇ ಆಡುವ ಈ ಜನರನ್ನು ಜಮಾಅತಿನ ಆಡಳಿತಕ್ಕೆ, ಮದುವೆಯ ಸಂಬಂಧಕ್ಕೆ ನಾವು ಎಷ್ಟು ಹತ್ತಿರ ಸೇರಿಸಿಕೊಂಡಿದ್ದೇವೆ? ಕುಲಗೋತ್ರಗಳು ಪರಸ್ಪರ ಪರಿಚಯಕ್ಕೆ, ಹಿರಿಮೆಗಲ್ಲ ಎಂದು ಕಲಿಸುವ ದೀನಿನವರು ನಾವು.

ಬದಲಾವಣೆ ಅಸಾಧ್ಯವಲ್ಲ. ಸೋಮಾಲಿಯದಿಂದ ಬೇರ್ಪಟ್ಟು ಆಡಳಿತ ನಡೆಸುತ್ತಿರುವ ಸೋಮಾಲಿಲ್ಯಾಂಡ್‌ನಲ್ಲಿ 2021ರ ಸಂಸತ್ ಚುನಾವಣೆ ಜನರ ನೇರ ಮತದಿಂದ ನಡೆಯಿತು. ಆಗ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗಬೋಯೆ ಸಮುದಾಯದ ಬರ್ಖದ್ ಜಾಮಾ ಬಟೂನ್. ಅದೇ ಚುನಾವಣೆಯಲ್ಲಿ 82 ಸ್ಥಾನಗಳ ಪೈಕಿ ಒಂದರಲ್ಲೂ ಮಹಿಳೆ ಗೆಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ಮತಪೆಟ್ಟಿಗೆ ಒಂದು ಗೋಡೆ ಕೆಡವಿತು, ಇನ್ನೊಂದನ್ನು ಉಳಿಸಿತು.

ಸಣ್ಣ ಸಮುದಾಯಗಳ ಕೈಯಲ್ಲಿರುವುದು ಎರಡೇ: ತಮ್ಮ ಮತ ಮತ್ತು ನೆರೆಯವರ ವಿಶ್ವಾಸ. 2023ರಲ್ಲಿ ರಾಜ್ಯದ ಮತದಾನ ಶೇ. 73.19. ಉಳಿದ ಕಾಲುಭಾಗಕ್ಕೂ ಹೆಚ್ಚು ಮಂದಿಯಲ್ಲಿ ಬೆಂಗಳೂರಿಗೆ ಗುಳೆ ಹೋಗಿ ಅಂದು ಊರಿಗೆ ಬರಲಾಗದ ಕೂಲಿಯವರೂ ಇರುತ್ತಾರೆ, ರಜೆ ಕಳೆದವರೂ ಇರುತ್ತಾರೆ. ಮೊದಲನೆಯವರ ಹೆಸರು ಪಟ್ಟಿಯಲ್ಲಿ ಉಳಿಯುವಂತೆ, ಅವರು ಮತಗಟ್ಟೆ ತಲುಪುವಂತೆ ನೋಡಿಕೊಳ್ಳುವುದು ಮಸೀದಿ, ಮಠ, ಸಂಘಗಳೆಲ್ಲದರ ಕೆಲಸ.

ನೆರೆಯವರ ವಿಶ್ವಾಸ ಮಾತ್ರ ಚುನಾವಣೆಯ ತಿಂಗಳಲ್ಲಿ ಸಿಗುವುದಿಲ್ಲ. ಹೊಳಲ್ಕೆರೆಯ ಅಲೆಮಾರಿಯ ಗುಡಿಸಲಿಗೆ ಹಕ್ಕುಪತ್ರ ಬೇಕೆಂದು ಹಿರಿಯೂರಿನ ಮುಸ್ಲಿಮನೂ ಅರ್ಜಿ ಹಿಡಿದು ನಿಂತರೆ, ಇಮಾಂ ಸಾಹೇಬರಿಗೆ ಸಿಕ್ಕ ಮತ ಮುಂದೊಂದು ದಿನ ಇನ್ನೊಬ್ಬರಿಗೂ ಸಿಕ್ಕೀತು.